ಹರಿಗೋಲು ಹತ್ತಿದ ಗಾಡಿ

ಕಮಲಾಪುರದಿಂದ ಗಾಡಿ ಹೊರಗೆ ತೆಗೆದವರಿಗೆ ರಸ್ತೆಗಳ ಬರವಿಲ್ಲ. ಹಂಪಿಯತ್ತ ಹೊರಟರೆ ಬಂಡೆಗಳ ನಡುವೆ ಬಳುಕುವ ಸಣ್ಣ ದಾರಿ, ಹಳೆಯ ಮಂಟಪಗಳ ಮುಂದೆ ಕಲ್ಲುಹಾಸು. ಕಂಪ್ಲಿಯತ್ತ ಹೊರಟರೆ ಬಾಳೆ, ಕಬ್ಬು, ಭತ್ತದ ಗದ್ದೆಗಳ ಅಂಚಿಗೆ ಹೋಗುವ ರಸ್ತೆ. ಅಲ್ಲಿಂದ ಹೊಲಕ್ಕೆ ಇಳಿದರೆ ಕಾಲುವೆ ಏರಿಯ ಮಣ್ಣು. ಹೊಸಪೇಟೆ ದಾಟಿದರೆ ಚಿತ್ರದುರ್ಗದ ಕಡೆಗೆ ನಾಲ್ಕು ಪಥದ ಹೆದ್ದಾರಿ, ಇಲ್ಲವೇ ಸಂಡೂರಿನ ಗುಡ್ಡಗಳು. ಬೆಳಿಗ್ಗೆ ಒಗ್ಗಾಣಿ-ಮಿರ್ಚಿ ತಿಂದು ಹೊರಟವನು ಸಂಜೆಯೊಳಗೆ ಇವಷ್ಟನ್ನೂ ಸುತ್ತಿ ಬರಬಹುದು. ಹೀಗಾಗಿ ನಮ್ಮ ಸೀಮೆಯಲ್ಲಿ ಒಂದೇ ವಿದ್ಯೆ ಕಲಿತ ಗಾಡಿ ಸಾಲದು. ಓಡಬೇಕು, ಹತ್ತಬೇಕು, ಮಣ್ಣಿಗೂ ಇಳಿಯಬೇಕು, ಹಿಂದೆ ಕೂತವರ ಸೊಂಟವನ್ನೂ ಉಳಿಸಬೇಕು.

ಇಂಥ ಗಾಡಿಗೆ ಈಗ ಅಡ್ವೆಂಚರ್ ಟೂರರ್ ಎಂಬ ಹೆಸರಿದೆ. ಈ ಹೆಸರು ನಮ್ಮ ಕಡೆ ಯಾರಿಗೂ ಗೊತ್ತಿಲ್ಲದ ಕಾಲದಲ್ಲೇ ನನ್ನ ಸೋದರಮಾವ ಅದನ್ನು ಓಡಿಸುತ್ತಿದ್ದರು. ಅದು ಯೆಜ್ಡಿ ರೋಡ್‌ಕಿಂಗ್. ಬೆಳಿಗ್ಗೆ ರಾಮಸಾಗರದ ಹೊಲಕ್ಕೆ ಗೊಬ್ಬರದ ಚೀಲ, ಮಧ್ಯಾಹ್ನ ಹೊಸಪೇಟೆಯ ಕೆಲಸ, ದಸರಾ ಬಂದರೆ ಅತ್ತೆಯನ್ನು ಕೂರಿಸಿಕೊಂಡು ನೇರ ಮೈಸೂರು. ಆ ಗಾಡಿ ಹುಟ್ಟಿದ್ದೂ ಮೈಸೂರಿನಲ್ಲೇ, ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ. ಮೊದಲು ಚೆಕ್ ದೇಶದ ಜಾವಾ ಹೆಸರಿನಲ್ಲಿ ಗಾಡಿ ಮಾಡುತ್ತಿದ್ದ ಕಾರ್ಖಾನೆ 1973ರಿಂದ ಯೆಜ್ಡಿ ಎಂಬ ಸ್ವಂತ ಹೆಸರು ಇಟ್ಟುಕೊಂಡಿತು. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಕನ್ನಡ ನಾಡಿನಲ್ಲಿ ತಯಾರಾಗಿ ದೇಶವೆಲ್ಲ ಓಡಿದ ಮೋಟಾರ್ ಸೈಕಲ್ ಅದು, ಅದನ್ನು ನೆನೆದರೆ ನನಗೆ ಇವತ್ತಿಗೂ ಎದೆಯುಬ್ಬುತ್ತದೆ.

ಅದರ ಇಂಜಿನ್ನಿನ ಲೆಕ್ಕ ನೋಡಿ. ಒಂದೇ ಸಿಲಿಂಡರಿನ ಟೂ-ಸ್ಟ್ರೋಕ್, 248.5 ಸಿಸಿ, 16 ಅಶ್ವಶಕ್ತಿ. ಸಿಲಿಂಡರಿನ ಅಗಲ 65 ಮಿಲಿಮೀಟರ್, ಪಿಸ್ಟನ್ ಓಡಾಡುವ ದೂರ 75. ಅಗಲಕ್ಕಿಂತ ಓಟ ಹೆಚ್ಚಿರುವ ಇಂಥ ಇಂಜಿನ್ ಚೀರಾಡದೆ ಕಡಿಮೆ ಸುತ್ತಿನಲ್ಲೇ ಎಳೆಯುತ್ತದೆ. ಕಾಲುವೆ ಏರಿಯ ಮೇಲೆ ಎರಡನೇ ಗೇರಿನಲ್ಲಿ, ಹಿಂದೆ ಐವತ್ತು ಕೆ.ಜಿ. ಚೀಲ ಕಟ್ಟಿಕೊಂಡು, ನಡೆಯುವವರ ವೇಗದಲ್ಲಿ ಹೋಗುವವರಿಗೆ ಬೇಕಾದದ್ದು ಈ ಎಳೆತವೇ. ಗೇರ್ ಲಿವರನ್ನು ಕಾಲಿನಿಂದ ಒತ್ತಿದರೆ ಕ್ಲಚ್ ತಾನಾಗಿಯೇ ಬಿಡುತ್ತಿತ್ತು. ಅದೇ ಲಿವರನ್ನು ಹಿಂದಕ್ಕೆ ತಿರುಗಿಸಿದರೆ ಕಿಕ್ಕರ್. ಸಿಲಿಂಡರ್ ಒಂದಾದರೂ ಸೈಲೆನ್ಸರ್ ಎರಡು. ಮಾವ ಕೆರೆ ಏರಿಗೆ ಬಂದಾಗಲೇ ಆ ಸದ್ದು ಕೇಳಿ ಮನೆಯಲ್ಲಿ ಅತ್ತೆ ರೊಟ್ಟಿ ಹಂಚು ಒಲೆಯ ಮೇಲಿಡುತ್ತಿದ್ದರು.

ಇದಕ್ಕಿಂತ ದೊಡ್ಡ ಸಂಗತಿ ಅದರ ತೂಕ, ಸುಮಾರು 140 ಕೆ.ಜಿ. ತಳವಾರಘಟ್ಟದಿಂದ ಆನೆಗೊಂದಿಗೆ ಹೊಳೆ ದಾಟಲು ಆಗ ಹರಿಗೋಲೇ ಗತಿ. ಅಲ್ಲಿ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದು ಬಿದ್ದದ್ದನ್ನು ನಮ್ಮ ಕಡೆಯವರು ಯಾರೂ ಮರೆತಿಲ್ಲ. ಹೊಳೆ ದಾಟುವಾಗ ಅಂಬಿಗರು ಇಬ್ಬರು, ನಾವು ಇಬ್ಬರು. ಗಾಡಿಯನ್ನು ಎತ್ತಿ ಹರಿಗೋಲಿನ ನಡುವೆ ನಿಲ್ಲಿಸುತ್ತಿದ್ದೆವು. ಆ ಬುಟ್ಟಿ ಸುತ್ತುತ್ತಾ ಆಚೆ ದಡಕ್ಕೆ ಹೋಗುವ ತನಕ ಮಾವ ಸೀಟಿನ ಮೇಲೆ ಕೈಯಿಟ್ಟು ಹಸುವನ್ನು ಸಮಾಧಾನ ಮಾಡುವವರ ಹಾಗೆ ನಿಂತಿರುತ್ತಿದ್ದರು. ಅಂದಿನಿಂದ ನಡುಗಾತ್ರದ ಗಾಡಿಗೆ ನಾನು ಇಟ್ಟುಕೊಂಡ ಅಳತೆ ಇದು: ನಾಲ್ಕು ಜನ ಎತ್ತಿ ಹರಿಗೋಲಿಗೆ ಇಡುವಂತಿರಬೇಕು.

ಹೊರದೇಶಗಳಲ್ಲಿ ಇಂಥ ನಡುಗಾತ್ರದ ಗಾಡಿಯೆಂದರೆ 650 ಸಿಸಿಯ ಆಸುಪಾಸು. ಕವಾಸಾಕಿಯ ವರ್ಸಿಸ್, ಸುಜುಕಿಯ ವಿ-ಸ್ಟ್ರಾಮ್ ಇದಕ್ಕೆ ಹೆಸರುವಾಸಿ. ಹಲವು ಕೆಲಸ ಬಲ್ಲದ್ದು ಎಂಬ ಇಂಗ್ಲಿಷ್ ಮಾತಿನಿಂದಲೇ ವರ್ಸಿಸ್ ಎಂಬ ಹೆಸರು ಹುಟ್ಟಿದೆ. ಹೆದ್ದಾರಿಯಲ್ಲಿ ಅವು ಅದ್ಭುತವಾಗಿ ಓಡುತ್ತವೆ. ಆದರೆ ತೂಕ 200 ಕೆ.ಜಿ. ದಾಟುತ್ತದೆ. ಮಳೆ ಬಿದ್ದ ಎರೆಮಣ್ಣಿನಲ್ಲಿ ಅಂಥ ಗಾಡಿ ಒಮ್ಮೆ ವಾಲಿದರೆ ಒಬ್ಬನಿಂದ ಎತ್ತುವುದು ಕಷ್ಟ, ಕರೆಯೋಣವೆಂದರೆ ಹೊಲದಲ್ಲಿ ಯಾರೂ ಇರುವುದಿಲ್ಲ. ನಮ್ಮ ಸೀಮೆಗೆ 250ರಿಂದ 350 ಸಿಸಿಯೇ ನಡುಗಾತ್ರ ಎಂಬುದು ನನ್ನ ಖಚಿತ ಅಭಿಪ್ರಾಯ.

ನಾನು ಈಗ ಓಡಿಸುತ್ತಿರುವುದು 313 ಸಿಸಿಯ ಬಿಎಂಡಬ್ಲ್ಯು ಜಿ 310 ಜಿಎಸ್. ಹೆಸರು ಜರ್ಮನಿಯದು, ತಯಾರಾದದ್ದು ಗಡಿಯಾಚೆ, ಕನ್ನಡ ಮನೆಮಾತಿನವರೂ ಬದುಕುವ ಹೊಸೂರಿನಲ್ಲಿ, ಟಿವಿಎಸ್ ಕಾರ್ಖಾನೆಯಲ್ಲಿ. ಭಾರತದ ಮಾರುಕಟ್ಟೆಗೆ ಬಂದದ್ದು 2018ರಲ್ಲಿ. ಇದರ ಸಿಲಿಂಡರನ್ನು ಹಿಂದಕ್ಕೆ ವಾಲಿಸಿ, ಗಾಳಿ ಮುಂದಿನಿಂದ ಒಳಗೆ ಬಂದು ಹೊಗೆ ಹಿಂದಿನಿಂದ ಹೊರಗೆ ಹೋಗುವಂತೆ ತಲೆಯನ್ನೇ ತಿರುಗಿಸಿ ಕೂರಿಸಿದ್ದಾರೆ. 34 ಅಶ್ವಶಕ್ತಿ, ಎಂದರೆ ರೋಡ್‌ಕಿಂಗ್‌ನ ಎರಡು ಪಟ್ಟಿಗೂ ಮಿಗಿಲು. ಮುಂದೆ 19 ಇಂಚಿನ ಗಾಲಿ, ಶಾಕ್ ಅಬ್ಸಾರ್ಬರ್‌ಗಳಿಗೆ 180 ಮಿಲಿಮೀಟರ್ ಓಟ. ತಗ್ಗು ಬಂದಾಗ ಹ್ಯಾಂಡಲ್ ಕೈಯಲ್ಲಿ ಒದ್ದಾಡುವುದಿಲ್ಲ. ಯೆಜ್ಡಿ ಎಂಬ ಹೆಸರೂ 2022ರಲ್ಲಿ 334 ಸಿಸಿಯ ಇಂಜಿನ್ ಹೊತ್ತು ಮತ್ತೆ ಬಂತು, ಆದರೆ ತಯಾರಿ ಮಧ್ಯಪ್ರದೇಶದ ಪೀತಂಪುರದಲ್ಲಿ.

ಇಂಥ ಹೊಸ ಗಾಡಿಗಳು ಬಿಟ್ಟುಕೊಟ್ಟ ಒಂದು ಒಳ್ಳೆಯ ಗುಣಕ್ಕಾಗಿ ನನಗೆ ನಿಜಕ್ಕೂ ಬೇಸರವಿದೆ. ರೋಡ್‌ಕಿಂಗ್‌ನ ಚೈನಿಗೆ ಮುಚ್ಚಿದ ಕವರ್ ಇತ್ತು. ಸಂಡೂರಿನ ಅದಿರಿನ ದೂಳು ಕಂಡವರಿಗೆ ಅದರ ಬೆಲೆ ಗೊತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸುವ ಮೊದಲು ಈ ರಸ್ತೆಗಳಲ್ಲಿ ಅದಿರು ಲಾರಿಗಳ ಸಾಲು ಮುಗಿಯುತ್ತಲೇ ಇರಲಿಲ್ಲ. ಬದಿಯ ಗಿಡಗಳ ಎಲೆ ಕೂಡ ಕೆಂಪು. ಈಗ ಲಾರಿ ಕಡಿಮೆ, ದೂಳು ಇದ್ದೇ ಇದೆ. ಬಯಲಾಗಿರುವ ಚೈನಿನ ಎಣ್ಣೆಗೆ ಈ ಕಬ್ಬಿಣದ ಪುಡಿ ಅಂಟಿದರೆ ಉಜ್ಜುಕಾಗದದ ಕೆಲಸ ಮಾಡುತ್ತದೆ, ಸ್ಪ್ರಾಕೆಟ್ಟಿನ ಹಲ್ಲು ಸವೆಸುತ್ತದೆ. ಸಂಡೂರಿಗೆ ಹೋಗಿ ಬಂದ ದಿನವೇ ಸೀಮೆಎಣ್ಣೆಯಲ್ಲಿ ಅದ್ದಿದ ಬ್ರಷ್ ಹಿಡಿದು ಚೈನು ತೊಳೆಯಿರಿ, ಒರೆಸಿ, ಆಮೇಲೆ ಎಣ್ಣೆ ಬಿಡಿ. ನಾಳೆಗೆ ಇಡಬೇಡಿ.

ಸಂಡೂರಿನ ಇಳುಕಲು ನನಗೆ ಇನ್ನೊಂದು ಪಾಠ ಕಲಿಸಿತ್ತು. ಇಪ್ಪತ್ತು ತುಂಬುವ ಮೊದಲೊಮ್ಮೆ ಮಾವನ ಗಾಡಿ ಇಸಿದುಕೊಂಡು ಕುಮಾರಸ್ವಾಮಿ ಬೆಟ್ಟಕ್ಕೆ ಹೋಗಿದ್ದೆ. ಬೇಸಿಗೆ. ಇಳಿಯುವಾಗ ಆಕ್ಸಿಲೇಟರ್ ಪೂರ್ತಿ ಬಿಟ್ಟು, ಗೇರಿನಲ್ಲೇ ಬಹಳ ದೂರ ಬಂದೆ. ಹಿಂದಿನ ಗಾಲಿ ಥಟ್ಟನೆ ಕಚ್ಚಿ ನಿಂತು ಗಾಡಿ ಜಾರಿತು. ಪಿಸ್ಟನ್ ಸೀಜ್. ತಪ್ಪು ಪೂರ್ತಿ ನನ್ನದೇ. ಆ ಟೂ-ಸ್ಟ್ರೋಕಿಗೆ ಆಯಿಲ್ ಬೇರೆ ದಾರಿಯಲ್ಲಿ ಬರುವುದಿಲ್ಲ. ಪೆಟ್ರೋಲಿನಲ್ಲಿ ಬೆರೆಸಿದ್ದೇ ಸಿಲಿಂಡರನ್ನು ನೆನೆಸಬೇಕು. ಇಂಜಿನ್ ಜೋರಾಗಿ ಸುತ್ತುತ್ತಿರುವಾಗ ಪೆಟ್ರೋಲ್ ನಿಲ್ಲಿಸಿದರೆ ಆಯಿಲ್ಲೂ ನಿಂತ ಹಾಗೆ. ಮಾವ ಬೈಯಲಿಲ್ಲ. ಪಿಸ್ಟನ್ನಿನ ಮೈಮೇಲೆ ಬಿದ್ದ ಗೀರುಗಳನ್ನು ನನ್ನ ಬೆರಳಿನಿಂದಲೇ ಮುಟ್ಟಿಸಿ ಹೇಳಿದರು: "ಇಳುಕಲು ಬಂತಂತ ಪೂರ್ತಿ ಮುಚ್ಚಬಾರದು ಅಳಿಯಾ. ಅದು ಪೆಟ್ರೋಲ್ ಕುಡಿದ್ರ ಮಾತ್ರ ಎಣ್ಣಿ ಕುಡೀತೈತಿ. ನಡುನಡುವೆ ಒಂದೊಂದು ಗುಟುಕು ಕೊಡ್ತಿರಬೇಕು."

ಮಾವನಿಗೆ ಈಗ ವಯಸ್ಸಾಗಿದೆ, ಗಾಡಿ ಓಡಿಸುವುದಿಲ್ಲ. ಹೋದ ಭಾನುವಾರ ಅವರನ್ನು ಕೂರಿಸಿಕೊಂಡು ಅದೇ ಬೆಟ್ಟಕ್ಕೆ ಹೋಗಿದ್ದೆ. ನನ್ನ ಗಾಡಿಯ ಸೀಟು ಎತ್ತರ, 835 ಮಿಲಿಮೀಟರ್; ಮನೆ ಮುಂದಿನ ಕಟ್ಟೆ ಹತ್ತಿ ನಿಂತು, ಅಲ್ಲಿಂದ ಕೂತರು. ದಾರಿಯುದ್ದಕ್ಕೂ ಮಾತಿಲ್ಲ. ಇಳಿಯುವಾಗ ಎರಡನೇ ತಿರುವಿನಲ್ಲಿ ನನ್ನ ಬಲಭುಜವನ್ನು ಮೆತ್ತಗೆ ತಟ್ಟಿದರು. ಇದು ಫೋರ್-ಸ್ಟ್ರೋಕ್, ಇದರ ಆಯಿಲ್ ಇಂಜಿನ್ನಿನ ಒಳಗೇ ಸುತ್ತುತ್ತಿರುತ್ತದೆ ಎಂದು ಅವರಿಗೂ ಗೊತ್ತು. ನಾನು ಒಂದು ಗುಟುಕು ಕೊಟ್ಟೆ. ಅವರ ಕೈ ಭುಜದಿಂದ ಇಳಿಯಿತು.