ಹಳದಿ ದೀಪದ ನಾಡಿ ಹಿಡಿದು

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಕೈ ತೊಳೆದು ಬಂದು ಗಾಡಿ ಸ್ಟಾರ್ಟ್ ಮಾಡಿದೆ. ಸ್ಪೀಡೋಮೀಟರಿನ ಪಕ್ಕ ಇಂಜಿನ್ ಆಕಾರದ ಹಳದಿ ದೀಪ ಹತ್ತಿಕೊಂಡಿತು. ಮುಂದೆ ಚಾರ್ಮಾಡಿ ಘಾಟಿ, ಮೇಲೆ ಜುಲೈ ಮಳೆ, ಹಿಂದಿನ ಸೀಟಿನಲ್ಲಿ ಅತ್ತೆ. "ಅದೇನಪ್ಪಾ ದೀಪ?" ಎಂದು ಅವರು ಕೇಳುವಷ್ಟರಲ್ಲಿ ನನ್ನ ಕೈ ಡ್ಯಾಶ್‌ಬೋರ್ಡಿನ ಖಾನೆಗೆ ಹೋಗಿತ್ತು. ಬೆಂಕಿಪೊಟ್ಟಣಕ್ಕಿಂತ ಕೊಂಚ ದೊಡ್ಡದಾದ ನೀಲಿ ಡಬ್ಬಿಯೊಂದು ಅಲ್ಲಿ ಸದಾ ಇರುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಚೌಕಾಸಿ ಮಾಡಿ ₹800ಕ್ಕೆ ತಂದದ್ದು.

ಸ್ಟಿಯರಿಂಗ್ ಕೆಳಗೆ, ಮಂಡಿ ತಾಗುವ ಕಡೆ, 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಡಬ್ಬಿಯನ್ನು ಅದಕ್ಕೆ ಸಿಕ್ಕಿಸಿ, ಕೀ ತಿರುಗಿಸಿ, ಮೊಬೈಲಿನ ಬ್ಲೂಟೂತ್‌ಗೆ ಜೋಡಿಸಬೇಕು. ಪಿನ್ ಕೇಳಿದರೆ ಬಹುಪಾಲು 1234. ಆಮೇಲೆ ಟಾರ್ಕ್ ಅಥವಾ ಕಾರ್ ಸ್ಕ್ಯಾನರ್‌ನಂಥ ಆ್ಯಪ್ ತೆರೆದರೆ ಸಾಕು. ಅರ್ಧ ನಿಮಿಷದಲ್ಲಿ ಐದಕ್ಷರದ ಉತ್ತರ ಬಂತು: ಪಿ0171.

ಈ ಸಾಕೆಟ್ಟಿನ ಕಥೆ ಕ್ಯಾಲಿಫೋರ್ನಿಯಾದ ಹೊಗೆಯಿಂದ ಶುರುವಾಗುತ್ತದೆ. ವಾಹನ ತನ್ನ ಹೊಗೆಯ ಮೇಲೆ ತಾನೇ ಕಣ್ಣಿಡಬೇಕೆಂದು ಅಲ್ಲಿಯವರು ಪಟ್ಟು ಹಿಡಿದರು. 1996ರ ಹೊತ್ತಿಗೆ ಅಮೆರಿಕದಲ್ಲಿ ಮಾರುವ ಎಲ್ಲ ಹೊಸ ಕಾರುಗಳಿಗೂ ಒಂದೇ ಬಗೆಯ ಸಾಕೆಟ್, ಒಂದೇ ಬಗೆಯ ಕೋಡ್ ಕಡ್ಡಾಯವಾಯಿತು. ಅದೇ ಓಬಿಡಿ-2. ನಮ್ಮಲ್ಲಿ ಬಿಎಸ್-4 ನಿಯಮದೊಂದಿಗೆ 2010ರಲ್ಲಿ ಅದರ ಮೊದಲ ಹಂತ, 2013ರ ಏಪ್ರಿಲಿನಿಂದ ಎರಡನೆಯ ಹಂತ ಬಂತು. ಅಂದರೆ ಆ ದೀಪವನ್ನು ಕಾನೂನು ಅಲ್ಲಿ ಕೂರಿಸಿದ್ದು ಮುಖ್ಯವಾಗಿ ಊರಿನ ಗಾಳಿಯ ಸಲುವಾಗಿ. ಗಾಡಿ ಜಮ್ಮೆಂದು ಓಡುತ್ತಿದ್ದರೂ ದೀಪ ಹತ್ತುವುದು, ಕ್ಲಚ್ ಸವೆದು ನಾರುತ್ತಿದ್ದರೂ ಅದು ತೆಪ್ಪಗಿರುವುದು ಎರಡೂ ಇದೇ ಕಾರಣಕ್ಕೆ.

ಡಬ್ಬಿ ಇಷ್ಟು ಅಗ್ಗವಾದದ್ದಕ್ಕೂ ಒಂದು ಕಥೆ ಇದೆ. ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಎಂಬ ಕಂಪನಿ ಇಎಲ್ಎಂ327 ಎಂಬ ಚಿಪ್ ಮಾಡಿತು. ಮೊದಲ ಆವೃತ್ತಿಗೆ ನಕಲು ತಡೆಯುವ ಬೀಗ ಹಾಕಿರಲಿಲ್ಲ. ಅಲ್ಲಿಂದ ನಕಲುಗಳ ಜಾತ್ರೆ. ನನ್ನ ಡಬ್ಬಿ ತಾನು 1.5ನೇ ಆವೃತ್ತಿ ಎಂದು ಹೇಳಿಕೊಳ್ಳುತ್ತದೆ. ಮೂಲ ಕಂಪನಿ ಆ ಸಂಖ್ಯೆಯ ಆವೃತ್ತಿಯನ್ನೇ ಹೊರತಂದಿರಲಿಲ್ಲ. ಹೆಸರು ಸುಳ್ಳಾದರೂ ಕೆಲಸದಲ್ಲಿ ಮೋಸವಿಲ್ಲ. ಇಂಜಿನ್ನಿನ ಕೋಡ್ ಓದಲು ಇಷ್ಟು ಧಾರಾಳ ಸಾಕು. ಎಬಿಎಸ್, ಏರ್‌ಬ್ಯಾಗಿನ ವಿಚಾರಕ್ಕೆ ಮಾತ್ರ ಇಂಥವನ್ನು ನೆಚ್ಚಬಾರದು.

ಘಾಟಿಗೆ ಹಿಂತಿರುಗೋಣ. ಪಿ ಅಂದರೆ ಇಂಜಿನ್, ಗೇರುಗಳ ವಿಭಾಗ. ಮುಂದಿನ ಸೊನ್ನೆ ಎಲ್ಲ ಕಂಪನಿಗಳಿಗೂ ಸಮಾನವಾದ ಕೋಡ್ ಎಂಬುದರ ಗುರುತು. 1 ಇದ್ದರೆ ಆ ಕಂಪನಿಯ ಸ್ವಂತದ್ದು. 0171ರ ಅರ್ಥ, ಮಿಶ್ರಣದಲ್ಲಿ ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಹೆಚ್ಚಾಗಿದೆ. ದೀಪ ಮಿಟುಕುತ್ತಿರಲಿಲ್ಲ, ಸ್ಥಿರವಾಗಿತ್ತು. ಮಿಟುಕಿದರೆ ಇಂಜಿನ್ ಜೋರಾಗಿ ಮಿಸ್ಸಿಂಗ್ ಹೊಡೆಯುತ್ತಿದೆ ಎಂದರ್ಥ. ಉರಿಯದ ಪೆಟ್ರೋಲು ಸೈಲೆನ್ಸರ್ ಕಡೆಗೆ ಹೋಗಿ, ದುಬಾರಿ ಕ್ಯಾಟಲಿಟಿಕ್ ಕನ್ವರ್ಟರ್ ಕಾದು ಹಾಳಾಗುತ್ತದೆ. ಆಗ ಘಾಟಿಯ ಮಾತೇ ಇಲ್ಲ. ಎಣ್ಣೆ ಡಬ್ಬಿಯ ಆಕಾರದ ಕೆಂಪು ದೀಪ ಹತ್ತಿದರಂತೂ ಡಬ್ಬಿಗೆ ತಡಕಾಡಬೇಡಿ, ತಕ್ಷಣ ಇಂಜಿನ್ ಆಫ್ ಮಾಡಿ. ನನ್ನದರಲ್ಲಿ ಇಂಜಿನ್ ಶಾಖ 91 ಡಿಗ್ರಿ, ಮಿಸ್ಸಿಂಗ್ ಕೋಡ್ ಇಲ್ಲ. ಬ್ರೇಕಿನ ಬೂಸ್ಟರ್ ಕೂಡ ಇಂಜಿನ್ನಿನ ಎಳೆತವನ್ನೇ ನಂಬಿರುವುದರಿಂದ ಎರಡು ಸಲ ಪೆಡಲ್ ಒತ್ತಿ ನೋಡಿದೆ. ಎಂದಿನಂತೆ ಹಿಡಿಯಿತು. ನಿಧಾನವಾಗಿ ಇಳಿದೆವು.

ಮಾರನೆಯ ದಿನ ಗ್ಯಾರೇಜಿನಲ್ಲಿ ಕೋಡ್ ತೋರಿಸಿದೆ. "ಆಕ್ಸಿಜನ್ ಸೆನ್ಸರ್ ಹೋಗಿದೆ ಸಾರ್, ಚೇಂಜ್ ಮಾಡ್ಬಿಡಾಣ. ಐದೂವರೆ ಸಾವಿರ ಆಗುತ್ತೆ" ಎಂದರು ಮೆಕ್ಯಾನಿಕ್. ಅಗ್ಗದ ಡಬ್ಬಿ ಕೊಂಡವರು ಜಾರಿ ಬೀಳುವ ಜಾಗ ಇದೇ. ಹೊಗೆಯ ಕೊಳವೆಯಲ್ಲಿ ಕೂತು, ಗಾಳಿ ಹೆಚ್ಚಾಗಿದೆ ಎಂದು ವರದಿ ಒಪ್ಪಿಸಿದ್ದು ಆ ಸೆನ್ಸರ್. ಅದನ್ನೇ ಕಿತ್ತೆಸೆಯುವುದೆಂದರೆ, ಬೀದಿ ದೀಪ ಕೆಟ್ಟಿದೆ ಎಂದು ಅರ್ಜಿ ಕೊಟ್ಟವನನ್ನೇ ಹಿಡಿದು ಲಾಕಪ್ಪಿಗೆ ಹಾಕಿದಂತೆ. ಕೋಡು ಬರೀ ದೂರು. ವಿಚಾರಣೆ ನಾವು ನಡೆಸಬೇಕು.

ಆ ವಿಚಾರಣೆಗೆ ಡಬ್ಬಿಯಲ್ಲೇ ಸಾಕ್ಷಿ ಇರುತ್ತದೆ. ದೋಷ ಕಂಡ ಗಳಿಗೆಯ ಲೆಕ್ಕವನ್ನು ಗಾಡಿ ಬರೆದಿಟ್ಟುಕೊಳ್ಳುತ್ತದೆ. ಆ್ಯಪಿನಲ್ಲಿ 'ಫ್ರೀಜ್ ಫ್ರೇಮ್' ಎಂದು ಸಿಗುತ್ತದೆ. ನನ್ನದು ಹೇಳಿದ್ದು: ಇಂಜಿನ್ ಬಿಸಿ, ಗಾಡಿ ನಿಂತಲ್ಲೇ ಐಡ್ಲಿಂಗ್, ಆರ್‌ಪಿಎಂ 780. ಇನ್ನೊಂದು ಸಾಕ್ಷಿ 'ಫ್ಯುಯಲ್ ಟ್ರಿಮ್'. ಈ ಹವ್ಯಾಸದ ರುಚಿಯೆಲ್ಲ ನನಗೆ ಈ ಒಂದು ಅಂಕಿಯಲ್ಲಿದೆ. ಪೆಟ್ರೋಲು ಹದವಾಗಿ ಉರಿಯಲು ತೂಕದಲ್ಲಿ ಒಂದು ಪಾಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಸಾರು ಕುದಿಯುವಾಗ ಅಂಗೈಗೆ ಹನಿ ಬಿಟ್ಟುಕೊಂಡು ರುಚಿ ನೋಡಿ, ಒಂದು ಚಿಟಿಕೆ ಉಪ್ಪು ಹಾಕುತ್ತಾರಲ್ಲ, ಹಾಗೆ ಇಂಜಿನ್ನಿನ ಕಂಪ್ಯೂಟರ್ ಹೊಗೆಯ ರುಚಿ ನೋಡಿ ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುತ್ತಲೇ ಇರುತ್ತದೆ. ಹೆಚ್ಚಿಸಿದ್ದು, ತಗ್ಗಿಸಿದ್ದು ಎಷ್ಟು ಶೇಕಡ ಎಂಬ ಲೆಕ್ಕವೇ ಫ್ಯುಯಲ್ ಟ್ರಿಮ್. ಆರೋಗ್ಯವಾದ ಗಾಡಿಯಲ್ಲಿ ಸೊನ್ನೆಯ ಆಚೀಚೆ 10ರೊಳಗೆ ಓಲಾಡುತ್ತದೆ. ನನ್ನದು +21.

ಈಗ ನೋಡಿ ತಮಾಷೆ. ರೇಸ್ ಕೊಟ್ಟು 2500 ಆರ್‌ಪಿಎಂನಲ್ಲಿ ಹಿಡಿದೆ. ಅಂಕಿ ಇಳಿಯುತ್ತಾ ಬಂದು +6ಕ್ಕೆ ನಿಂತಿತು. ಕಾಲು ತೆಗೆದೆ, ಮತ್ತೆ ಏರಿತು. ನನ್ನ ಕಾರಿನಂತೆ ಏರ್ ಫಿಲ್ಟರ್ ಬಳಿಯೇ ಗಾಳಿ ಅಳೆಯುವ ಸೆನ್ಸರ್ ಇರುವ ಗಾಡಿಗಳಲ್ಲಿ ಇದು ಹೆಚ್ಚುಕಡಿಮೆ ಸಹಿ ಹಾಕಿಕೊಟ್ಟ ಹೇಳಿಕೆ: ಅಳತೆ ತಪ್ಪಿಸಿ ಎಲ್ಲಿಂದಲೋ ಕಳ್ಳಗಾಳಿ ನುಗ್ಗುತ್ತಿದೆ. ಐಡ್ಲಿಂಗಿನಲ್ಲಿ ಇಂಜಿನ್ ಎಳೆಯುವ ಗಾಳಿಯೇ ಕಡಿಮೆ, ಹಾಗಾಗಿ ಸಣ್ಣ ತೂತೂ ದೊಡ್ಡ ಪಾಲು ಪಡೆಯುತ್ತದೆ. ರೇಸ್ ಕೊಟ್ಟಾಗ ಆ ಪಾಲು ಲೆಕ್ಕಕ್ಕಿಲ್ಲ. ಬದಲಿಗೆ ಪೆಟ್ರೋಲ್ ಪಂಪು ಸೊರಗಿದ್ದರೆ ಅಂಕಿ ತಿರುಗಾಮುರುಗಾ ಆಗುತ್ತಿತ್ತು, ರೇಸ್ ಕೊಟ್ಟಂತೆಲ್ಲ ಏರುತ್ತಿತ್ತು.

ಬಾನೆಟ್ ಎತ್ತಿ, ಟಾರ್ಚ್ ಬಿಟ್ಟು, ಕಿವಿಗೊಟ್ಟೆವು. ಮ್ಯಾನಿಫೋಲ್ಡಿನ ಹಿಂಬದಿ, ಬೆರಳು ದಪ್ಪದ ರಬ್ಬರ್ ಹೋಸ್ ಒಂದರ ಮೊಣಕೈಯಲ್ಲಿ ಸಣ್ಣಗೆ ಸುಯ್ ಸದ್ದು. ಮೆಕ್ಯಾನಿಕ್ ಅಲ್ಲಿ ಹೆಬ್ಬೆರಳು ಒತ್ತಿ ಹಿಡಿದರು. ಐಡ್ಲಿಂಗ್ ಒಮ್ಮೆ ಎಡವಿ ಸಮವಾಯಿತು. ನನ್ನ ಕೈಯ ಮೊಬೈಲಿನಲ್ಲಿ ಅಂಕಿ 21, 17, 12, 8 ಎಂದು ಮೆಟ್ಟಿಲಿಳಿಯಿತು. ಬೆರಳು ತೆಗೆದರು, ಮತ್ತೆ ಮೇಲಕ್ಕೆ. ನಾವಿಬ್ಬರೂ ಮಕ್ಕಳ ಹಾಗೆ ಇದನ್ನು ಮೂರು ಸಲ ಮಾಡಿದೆವು. ಹೋಸ್ ಬಿಚ್ಚಿ ನೋಡಿದರೆ ಕಡಲೆಕಾಳಿನಷ್ಟು ತೂತು, ಅಂಚಿನಲ್ಲಿ ಪುಟ್ಟ ಹಲ್ಲಿನ ಗುರುತು. "ಇಲಿ ಸಾರ್!" ಎಂದರು ಮೆಕ್ಯಾನಿಕ್, ಐದೂವರೆ ಸಾವಿರ ಮರೆತು ನಗುತ್ತಾ. ಹೊಸ ಹೋಸು, ಎರಡು ಕ್ಲಿಪ್ಪು ಸೇರಿ ₹260.

ಗಾಳಿ-ಪೆಟ್ರೋಲಿನ ಇಂಥ ದೋಷಕ್ಕೆ ಸಾಮಾನ್ಯವಾಗಿ ಒಂದೇ ಓಡಾಟದಲ್ಲಿ ದೀಪ ಹತ್ತುವುದಿಲ್ಲ. ಎರಡನೆಯದರಲ್ಲೂ ಮರುಕಳಿಸಿದರೆ ಹತ್ತುತ್ತದೆ. ಹಾಗಾಗಿ ದೀಪ ಕಂಡದ್ದು ಕೊಟ್ಟಿಗೆಹಾರದಲ್ಲಾದರೂ ಕಾಯಿಲೆ ಅದಕ್ಕೂ ಮೊದಲಿನದು. ಮೂಡಿಗೆರೆಯ ಅತ್ತೆಮನೆಯಲ್ಲಿ ಗಾಡಿ ನಾಲ್ಕು ರಾತ್ರಿ ಸೌದೆ ಕೊಟ್ಟಿಗೆಯಲ್ಲಿ ನಿಂತಿತ್ತು. ಬಾನೆಟ್ಟಿನೊಳಗೆ ಹೊಗೆಸೊಪ್ಪು ಇಡು ಎಂದು ಅಲ್ಲಿ ಮೊದಲ ದಿನವೇ ಹೇಳಿದ್ದರು. ಡಬ್ಬಿ ಇದ್ದವನ ಜಂಬ, ಇಟ್ಟಿರಲಿಲ್ಲ.

ರಿಪೇರಿಯಾದ ಮೇಲೆ ಆ್ಯಪಿನ 'ಕ್ಲಿಯರ್' ಒತ್ತಿದರೆ ದೀಪ ಆರುತ್ತದೆ. ಜತೆಗೆ ಫ್ರೀಜ್ ಫ್ರೇಮೂ ಅಳಿಸಿಹೋಗುತ್ತದೆ, ಗಾಡಿಯ ಸ್ವಯಂಪರೀಕ್ಷೆಗಳೂ ಮೊದಲಿನಿಂದ ಶುರುವಾಗಬೇಕಾಗುತ್ತದೆ. ಅದಕ್ಕೇ ಮೊದಲು ಪರದೆಯ ಫೋಟೋ ತೆಗೆದಿಡಿ; ಕಾಯಿಲೆ ಸಿಗುವ ಮುಂಚೆ ಒತ್ತಲೇಬೇಡಿ. ಕೆಲಸ ಮುಗಿದೊಡನೆ ಡಬ್ಬಿಯನ್ನು ಕೀಳಿ. ಅದರ ಒಂದು ಪಿನ್ನಿಗೆ ನೇರ ಬ್ಯಾಟರಿಯ ಕರೆಂಟಿರುವುದರಿಂದ, ವಾರಗಟ್ಟಲೆ ನಿಂತ ಗಾಡಿಯ ಬ್ಯಾಟರಿಯನ್ನು ಹೀರಿಬಿಡಬಹುದು.

ನಾನು ಒತ್ತಲಿಲ್ಲ. ಸತತ ಮೂರು ಓಡಾಟದಲ್ಲಿ ದೋಷ ಕಾಣದಿದ್ದರೆ ಗಾಡಿ ತಾನೇ ದೀಪ ಆರಿಸುತ್ತದೆ. ಅದರ ಬಾಯಿಂದಲೇ ಗುಣವಾಯಿತು ಎಂದು ಕೇಳುವ ಆಸೆ. ಮೂರು ದಿನ ಬೆಳಗ್ಗೆ ಆಫೀಸಿಗೆ ಹೋಗಿಬಂದೆ. ನಾಲ್ಕನೆಯ ದಿನ ಸ್ಟಾರ್ಟ್ ಮಾಡಿದಾಗ ಎಲ್ಲ ದೀಪಗಳ ಜತೆ ಹತ್ತಿದ ಹಳದಿ, ಎಲ್ಲದರ ಜತೆಗೇ ಆರಿತು.

ಅತ್ತೆಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಸೆನ್ಸರ್, ಟ್ರಿಮ್, 14.7, ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡು, "ಅದು ಸರಿ, ಇಲಿ ಸಿಕ್ತಾ?" ಎಂದರು.