‘ಕೆರೆಗೆ ಹಾರ’ದ ಭಾಗೀರಥಿ: ದೇವತೆಯೋ, ಮನೆಯ ಸೊಸೆಯೋ?

ಈಗ ಫ್ರಾನ್ಸಿನಲ್ಲಿರುವ ಸಾರ್ಬುರ್ಗ್ ಪಟ್ಟಣದಲ್ಲಿ 1895ರಲ್ಲಿ ದೊರೆತ ಒಂದು ಶಿಲಾಫಲಕದ ಮೇಲೆ ನಾಂಟೊಸ್ವೆಲ್ಟಾ ಎಂಬ ಕೆಲ್ಟಿಕ್ ದೇವತೆಯ ಮೂರ್ತಿಯಿದೆ. ಆಕೆಯ ಒಂದು ಕೈಯಲ್ಲಿ ಉದ್ದನೆಯ ಕೋಲು, ಅದರ ತುದಿಯಲ್ಲಿ ಪುಟ್ಟದೊಂದು ಮನೆ. ಇನ್ನೊಂದು ಕೈಯಲ್ಲಿ ತರ್ಪಣ ಸುರಿಯುತ್ತಿರುವ ಬಟ್ಟಲು. ಆಕೆಯ ಹೆಸರಿಗೆ ‘ಬಳುಕಿ ಹರಿವ ಹೊಳೆ’ ಎಂಬ ಅರ್ಥವನ್ನು ಕೆಲವು ವಿದ್ವಾಂಸರು ಹೇಳಿದರೆ, ‘ಬಿಸಿಲಿನ ಕಣಿವೆ’ ಎಂದು ಬೇರೆಯವರು ಹೇಳುತ್ತಾರೆ. ಮೊದಲನೆಯ ಅರ್ಥವನ್ನು ಒಪ್ಪಿದರೆ ನೀರು, ಮನೆ, ಸಮೃದ್ಧಿಗಳು ಒಬ್ಬ ತಾಯಿಯಲ್ಲಿ ಜಗಳವಿಲ್ಲದೆ ನೆಲೆಸಿವೆಯೆನ್ನಬೇಕು.

ಕನ್ನಡದಲ್ಲಿ ಈ ಮೂರೂ ಕೂಡಿಬರುವ ಕೃತಿ ‘ಕೆರೆಗೆ ಹಾರ’ವೆಂಬ ಜನಪದ ಕಥನಗೀತ. ಆದರೆ ಇಲ್ಲಿ ಒಂದನ್ನು ಪಡೆಯಲು ಇನ್ನೊಂದನ್ನು ತೆರಬೇಕಾಗುತ್ತದೆ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ. ನೀರು ಮಾತ್ರ ಬಾರದು. ಕೆರೆಗೆ ಮನೆಯ ಸೊಸೆಯನ್ನು ಕೊಡಬೇಕೆಂದು ಹೊತ್ತಿಗೆ ನೋಡಿದವರು ಹೇಳುತ್ತಾರೆ. ಹಿರಿಯ ಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಯಾರೂ ಇಲ್ಲದಂತಾಗುವುದು. ಆದುದರಿಂದ ಕಿರಿಯ ಸೊಸೆ ಭಾಗೀರಥಿ ಗೊತ್ತಾಗುತ್ತಾಳೆ. ಬಲಿಯ ಆಯ್ಕೆಯಲ್ಲಿ ಧರ್ಮದ ವಿಚಾರಕ್ಕಿಂತ ಮನೆವಾರ್ತೆಯ ಲೆಕ್ಕಾಚಾರವೇ ಮುಂದಾಗಿರುವುದು ಗಮನಾರ್ಹ.

ಈ ಗೀತವನ್ನು ತ್ಯಾಗದ ಸ್ತುತಿಯೆಂದು ಓದುವ ರೂಢಿಯುಂಟು. ಊರಿಗಾಗಿ ಪ್ರಾಣವಿತ್ತ ಮಹಾಸತಿ ಭಾಗೀರಥಿ ಎಂಬುದು ಆ ಓದಿನ ಸಾರ. ಗೀತದ ರಚನೆ ಇದಕ್ಕೆ ಒಪ್ಪಿಗೆ ಕೊಡುವುದೆ? ಸ್ತುತಿಗೀತದಲ್ಲಿ ಬಲಿಯ ಘೋಷಣೆ ಬಹಿರಂಗವಾಗಿರುತ್ತದೆ. ಇಲ್ಲಿ ಎಲ್ಲವೂ ಮುಚ್ಚುಮರೆ. ತವರಿಗೆ ಹೋದ ಭಾಗೀರಥಿ ತನ್ನ ದುಃಖದ ನಿಜವಾದ ಕಾರಣವನ್ನು ತಂದೆತಾಯಿಗಳಿಗೆ ಹೇಳಲಾರಳು. ಅತ್ತೆಮಾವಂದಿರು ತನ್ನನ್ನು ಬೇರೆ ಇಡುತ್ತಾರಂತೆ ಎನ್ನುತ್ತಾಳೆ. ನಿಜವನ್ನು ಗೆಳತಿಯೊಬ್ಬಳಿಗೇ ತಿಳಿಸುತ್ತಾಳೆ. ಆ ಗೆಳತಿಯೂ ಸಹನೆಯನ್ನಲ್ಲದೆ ಬೇರೆ ದಾರಿಯನ್ನು ತೋರಿಸುವುದಿಲ್ಲ.

ಗಂಗೆಯ ಪೂಜೆ, ಊಟಗಳು ಮುಗಿದು ಎಲ್ಲರೂ ಹೊರಟಮೇಲೆ ಮರೆತ ಬಂಗಾರದ ಬಟ್ಟಲನ್ನು ತರಲು ಕಿರಿಯ ಸೊಸೆ ಒಬ್ಬಳೇ ಹಿಂದಿರುಗುತ್ತಾಳೆ. ಕೆಲ್ಟಿಕ್ ದೇವಿಯ ಕೈಯಲ್ಲಿ ಬಟ್ಟಲು ಸಮೃದ್ಧಿಯ ಕುರುಹು. ಇಲ್ಲಿ ಅದು ಮೃತ್ಯುವಿನ ನೆಪ. ಪ್ರಚಲಿತ ಪಾಠದಲ್ಲಿ ಆಕೆ ಮೆಟ್ಟಿಲು ಇಳಿಯುವುದಿಲ್ಲ, ಏರುತ್ತಾಳೆ. ಏರಿದಂತೆಲ್ಲ ನೀರೂ ಏರುತ್ತದೆ. ಬದುಕಿನ ಕಡೆಗೆ ಹೆಜ್ಜೆಯಿಟ್ಟವಳನ್ನು ನೀರು ಹಿಂಬಾಲಿಸಿ ಹಿಡಿಯಿತೆಂದಲ್ಲದೆ ಇದಕ್ಕೆ ಬೇರೆ ಅರ್ಥ ಹೊಂದದು.

ಉತ್ತರಾರ್ಧ ಇನ್ನೂ ಸ್ಪಷ್ಟವಾಗಿದೆ. ಕೆಟ್ಟ ಕನಸು ಕಂಡು ದಂಡಿನಿಂದ ಮರಳಿದ ಗಂಡ ಮಹಾದೇವರಾಯನಿಗೆ ಮನೆಯವರು ಸುಳ್ಳು ಹೇಳುತ್ತಾರೆ. ತ್ಯಾಗ ಪವಿತ್ರವಾಗಿದ್ದರೆ ಹೇಳಲು ನಾಚಿಕೆಯೇಕೆ? ಗೆಳತಿಯಿಂದ ನಿಜವರಿತ ಆತ ಅದೇ ಕೆರೆಗೆ ಹಾರುತ್ತಾನೆ. ಪುರಾಣದ ಮಹಾದೇವ ಭಾಗೀರಥಿಯನ್ನು ತಲೆಯಲ್ಲಿ ಧರಿಸಿದನು. ಈ ಮಹಾದೇವನಿಗೆ ಉಳಿದುದು ಆಕೆಯೊಡನೆ ಮುಳುಗುವುದೊಂದೇ. ಕೆರೆ ತುಂಬಿತು, ಮನೆ ಮಗನನ್ನೂ ಕಳೆದುಕೊಂಡಿತು. ಗೀತ ಆಕೆಯನ್ನು ಎಲ್ಲಿಯೂ ದೇವತೆಯನ್ನಾಗಿಸುವುದಿಲ್ಲ. ಅದರ ಹಿರಿಮೆ ಇರುವುದು ಇಲ್ಲಿಯೇ.

ದೇವತೆಯನ್ನಾಗಿಸುವ ಕೆಲಸ ಐತಿಹ್ಯ ಮತ್ತು ಆಚರಣೆಗಳದು. ಕೊಡಗಿನ ಸೋಮವಾರಪೇಟೆಯ ಬಳಿಯ ಹೊನ್ನಮ್ಮನ ಕೆರೆಗೆ ಇಂಥದೇ ಕಥೆಯಿದೆ. ಗೌರಿಹಬ್ಬದಂದು ಅಲ್ಲಿ ಬಾಗಿನ ಅರ್ಪಿಸುತ್ತಾರೆ. ಬಲಿಯಾದ ಸೊಸೆ ಅಲ್ಲಿ ಸೌಭಾಗ್ಯ ಕೊಡುವ ತಾಯಿ. ಕೊಂಕಣದ ಮರಾಠಿ ಮನೆಗಳಲ್ಲಿ ಭಾದ್ರಪದದಲ್ಲಿ ನೀರಿನ ತಾಣದಿಂದ ಹರಳುಗಳನ್ನು ತಂದು ಗೌರಿಯೆಂದು ಕೂರಿಸುವ ಪದ್ಧತಿಯುಂಟು. ಠಾಣೆ, ಕಲ್ಯಾಣಗಳ ಕನ್ನಡಿಗರಿಗೆ ಇದು ನೆರೆಮನೆಯ ಹಬ್ಬ. ಅಲ್ಲಿ ನೀರಿನಿಂದ ದೇವಿ ಮನೆಗೆ ಬರುತ್ತಾಳೆ; ಕನ್ನಡ ಗೀತದಲ್ಲಿ ಮನೆಯವಳು ನೀರಿಗೆ ಹೋಗುತ್ತಾಳೆ, ಮರಳುವುದಿಲ್ಲ. ಆಚರಣೆ ಕೃತಜ್ಞತೆಯನ್ನು ಕಲಿಸುತ್ತದೆ. ಗೀತ ಆ ಕೃತಜ್ಞತೆಯ ಕೆಳಗಿರುವ ಋಣವನ್ನು ನೆನಪಿಸುತ್ತದೆ. ಎರಡನ್ನೂ ಒಂದೆಂದು ಭಾವಿಸಿ ಗೀತವನ್ನು ಪೂಜೆಯಾಗಿ ಓದುವುದು ವಿಮರ್ಶೆಯ ಪ್ರಮಾದ.

ಈ ಪ್ರಶ್ನೆ ಹಳೆಯ ಕೆರೆಗಳಿಗಷ್ಟೇ ಸೀಮಿತವಲ್ಲ. ಡೊಂಬಿವಲಿ, ನವಿ ಮುಂಬಯಿಗಳ ಕಡೆಗೆ ನೀರೊದಗಿಸುವ ಬಾರವಿ ಜಲಾಶಯದ ಎತ್ತರವನ್ನು ಹೆಚ್ಚಿಸಿದಾಗ ಅದರ ಅಂಚಿನ ಹಳ್ಳಿಗರು ನೆಲೆ ಬಿಡಬೇಕಾಯಿತು. ನಲ್ಲಿಯ ನೀರಿಗೆ ಅರಿಸಿನ ಕುಂಕುಮವಿಟ್ಟು ಗಂಗೆಯೆಂದು ಕೈಮುಗಿಯುವುದು ಸರಿಯೇ. ಆ ನೀರು ಯಾರ ಮನೆಯನ್ನು ದಾಟಿ ಬಂದಿತೆಂದು ಕೇಳುವುದನ್ನು ಕಲಿಸುವವಳು ಭಾಗೀರಥಿ. ಆಕೆ ದೇವತೆಯಾಗದೆ ಸೊಸೆಯಾಗಿಯೇ ಉಳಿದುದರಿಂದ ಅದು ಸಾಧ್ಯವಾಯಿತು.