ಯಶೋಧರಚರಿತೆಯಲ್ಲಿ ಮುಖವೂ ನಂಬುಗೆಯೂ

ಮುಖವನ್ನು ನೋಡಿ ಗುಣವನ್ನು ನಿರ್ಣಯಿಸುವ ವಾಡಿಕೆಯು ಬಹು ಪುರಾತನವಾದುದು. ಕ್ರಿ. ಶ. 1209ರಲ್ಲಿ ಜನ್ನನು ರಚಿಸಿದ ಯಶೋಧರಚರಿತೆಯನ್ನು ಸಂಕಲ್ಪಹಿಂಸೆಯ ಫಲವನ್ನು ಸಾರುವ ಕಾವ್ಯವೆಂದು ವಿದ್ವಾಂಸರು ವಿವೇಚಿಸಿರುವರು. ಅದು ಯುಕ್ತವೇ ಸರಿ. ಆದರೆ ಆ ಹಿಂಸೆಗೆ ದಾರಿ ಮಾಡಿಕೊಟ್ಟುದು ಮುಖವನ್ನು ನಂಬಿದ ಮತ್ತು ಮುಖದ ಹಿಂದಿನ ನಿಜವನ್ನು ಮರೆಸಿದ ಪ್ರಸಂಗಗಳೆಂಬುದೂ ವಿಚಾರಾರ್ಹವಾದುದು.

ಇಂತಹ ನಂಬುಗೆಯು ಮಿದುಳಿನಲ್ಲಿ ಹುಟ್ಟುವ ಬಗೆಯನ್ನು ಈಚಿನ ಶೋಧನೆಗಳು ಕೆಲಮಟ್ಟಿಗೆ ವಿಶದಪಡಿಸಿವೆ. 1998ರಲ್ಲಿ ರಾಲ್ಫ್ ಅಡಾಲ್ಫ್ಸ್ ಮೊದಲಾದವರು, ಮಿದುಳಿನ ಎರಡು ಪಾರ್ಶ್ವಗಳಲ್ಲಿಯೂ ಅಮಿಗ್ಡಲವೆಂಬ ಬಾದಾಮಿಯಾಕಾರದ ಭಾಗವು ಕೆಟ್ಟಿದ್ದ ಮೂವರನ್ನು ಪರೀಕ್ಷಿಸಿದರು. ಇತರರು ನಂಬಲೊಲ್ಲದ ಮುಖಗಳನ್ನೂ ಆ ಮೂವರು ನಂಬತಕ್ಕವೆಂದೆಣಿಸಿದರು. ಒಂದು ಸೆಕೆಂಡಿನ ಹತ್ತರಲ್ಲೊಂದು ಪಾಲು ಮಾತ್ರ ಮುಖವನ್ನು ತೋರಿಸಿದರೂ ನಿರ್ಣಯವು ಮೂಡುವುದೆಂದು 2006ರಲ್ಲಿ ವಿಲ್ಲಿಸ್ ಮತ್ತು ಟೊಡೊರೊವ್ ಎಂಬವರು ಕಂಡರು. ಹೆಚ್ಚು ಹೊತ್ತು ತೋರಿಸಿದರೆ ನಿರ್ಣಯವು ಅಷ್ಟಾಗಿ ಬದಲಾಗದೆ, ನಿರ್ಣಯಿಸಿದವರ ಭರವಸೆಯು ಮಾತ್ರ ಹೆಚ್ಚಿತು. ಆದರೆ ಶೀಘ್ರತೆಯು ಯಥಾರ್ಥತೆಗೆ ಪ್ರಮಾಣವಲ್ಲ. ಸಹಜವಾಗಿ ತುಸು ನಗೆಯನ್ನು ಹೋಲುವ ಮುಖವು ನಂಬುಗೆಯನ್ನೂ, ಕೋಪವನ್ನು ಹೋಲುವುದು ಶಂಕೆಯನ್ನೂ ಹುಟ್ಟಿಸುತ್ತದೆ. ಆ ಹೋಲಿಕೆಯಿಂದ ಶೀಲವು ತಿಳಿಯದು.

ಜನ್ನನ ಕಥೆಯಲ್ಲಿ ಅಮೃತಮತಿಯ ಚೆಲುವೇ ಯಶೋಧರನ ನಂಬುಗೆಗೆ ಆಧಾರ. ಅವಳಾದರೋ ಮಾವಟಿಗನ ಮುಖವನ್ನು ಕಾಣುವ ಮೊದಲೇ ಅವನ ಗಾನಕ್ಕೆ ಸೋತವಳು. ಕೆಳದಿಯು ಅವನ ವಿಕಾರವನ್ನು ಬಣ್ಣಿಸಿ ಹೇಸಿದರೂ ಅವಳ ಮನಸ್ಸು ಹಿಂದೆಗೆಯದು. ಇರುಳಿನಲ್ಲಿ ಎಲ್ಲವನ್ನೂ ಕಣ್ಣಾರೆ ಕಂಡ ಅರಸನು ಮರುದಿನ ನೈದಿಲೆಯಿಂದ ಸೋಕಿಸಲು, ಮಾವಟಿಗನ ಹೊಡೆತವನ್ನು ಸೈರಿಸಿದವಳು ಹೂವಿನ ಪೆಟ್ಟಿಗೆ ಮೂರ್ಛೆಹೋದಂತೆ ನಟಿಸುತ್ತಾಳೆ. ಅದೇ ಮುಖ, ಅದೇ ಲಾಲಿತ್ಯ. ನೋಡುವವನ ಅರಿವು ಮಾತ್ರ ಬೇರೆ. ಕಾವ್ಯದ ವ್ಯಂಗ್ಯವು ಇಲ್ಲಿ ಅತ್ಯಂತ ತೀಕ್ಷ್ಣವಾಗಿದೆ.

ಇದಕ್ಕಿಂತಲೂ ಸೂಕ್ಷ್ಮವಾದುದು ಚಂದ್ರಮತಿಯ ಪ್ರಸಂಗ. ಮಗನ ಬಾಡಿದ ಮೋರೆಯನ್ನು ಕಂಡು ಅವನಿಗೆ ವ್ಯಥೆಯುಂಟೆಂದು ತಾಯಿಯು ಸರಿಯಾಗಿಯೇ ಊಹಿಸುತ್ತಾಳೆ. ಆದರೆ ಮುಖವು ವ್ಯಥೆಯನ್ನು ತಿಳಿಸಬಲ್ಲುದೇ ಹೊರತು ಅದರ ಕಾರಣವನ್ನು ತಿಳಿಸಲಾರದು. ಅರಸನು ಕನಸಿನ ನೆವವನ್ನು ಹೇಳುತ್ತಾನೆ. ತಾಯಿಯು ಶಾಂತಿಗಾಗಿ ಬಲಿಯನ್ನು ವಿಧಿಸುತ್ತಾಳೆ. ಹಿಟ್ಟಿನ ಕೋಳಿಯ ವಧೆಯಿಂದ ಜನ್ಮಾಂತರದ ದುಃಖವು ಮೊದಲಾಗುತ್ತದೆ.

ಕವಿಯಲ್ಲಿ ಒಂದು ನ್ಯೂನತೆಯನ್ನೂ ಹೇಳಬೇಕಾಗಿದೆ. ಚೆಲುವೆಯು ವಿಷವಿಕ್ಕುವಳೆಂದು ತೋರಿಸಿ ರೂಪದ ಪ್ರಮಾಣವನ್ನು ಒಂದು ಕಡೆ ಮುರಿದವನು, ಕುರೂಪಿಯನ್ನು ಕ್ರೂರಿಯನ್ನಾಗಿಯೇ ಚಿತ್ರಿಸಿ ಇನ್ನೊಂದು ಕಡೆ ಅದನ್ನೇ ಉಳಿಸಿಕೊಂಡಿದ್ದಾನೆ. ಕಥೆಯು ಪರಂಪರಾಗತವಾದುದು, ಜನ್ನನು ವಾದಿರಾಜನ ಸಂಸ್ಕೃತ ಕೃತಿಯನ್ನು ಅನುಸರಿಸಿದವನು ಎಂಬ ಸಮಾಧಾನವುಂಟು. ಆದರೂ ವಿಕಾರದ ವರ್ಣನೆಯಲ್ಲಿ ಅವನು ತೋರಿದ ಉತ್ಸಾಹಕ್ಕೆ ಪರಂಪರೆಯೊಂದೇ ಹೊಣೆಯೆನ್ನಲಾಗದು.

ಈ ಕುಂದನ್ನು ತುಂಬಿಕೊಡುವುದು ಕಾವ್ಯದ ಹೊರಕಥೆ. ಬಲಿಗೆಂದು ತಂದ ಅಭಯರುಚಿ, ಅಭಯಮತಿಯರ ರೂಪವನ್ನೂ ನಿರ್ಭೀತಿಯನ್ನೂ ಕಂಡು ಮಾರಿದತ್ತನು ಬೆರಗಾಗುತ್ತಾನೆ. ಆ ಬೆರಗು ತೀರ್ಪಾಗದೆ ಪ್ರಶ್ನೆಯಾಗುತ್ತದೆ. ಅವನು ಅವರ ವೃತ್ತಾಂತವನ್ನು ಕೇಳುತ್ತಾನೆ. ಅವನ ಮನಸ್ಸನ್ನು ತಿರುಗಿಸುವುದು ಮುಖವಲ್ಲ, ಕೇಳಿದ ಕಥೆ.

ಇದು ಕಾವ್ಯಕ್ಕೆ ಮಾತ್ರ ಸಲ್ಲುವ ಮಾತಲ್ಲ. ಅಮೆರಿಕದ ಫ್ಲಾರಿಡಾ ಸಂಸ್ಥಾನದ ಕೈದಿಗಳ ಭಾವಚಿತ್ರಗಳನ್ನು ಕುರಿತು 2015ರಲ್ಲಿ ಪ್ರಕಟವಾದ ವಿಲ್ಸನ್ ಮತ್ತು ರೂಲ್ ಎಂಬವರ ಶೋಧನೆಯಲ್ಲಿ, ಯಾವಜ್ಜೀವ ಶಿಕ್ಷೆಯನ್ನು ಪಡೆದವರಿಗಿಂತ ಮರಣದಂಡನೆಗೆ ಗುರಿಯಾದವರ ಮುಖಗಳು ನೋಡಿದವರಿಗೆ ಕಡಿಮೆ ನಂಬುಗೆಯವಾಗಿ ತೋರಿದುವು. ಮುಖವು ವಿಚಾರಣೆಯನ್ನು ಆರಂಭಿಸಬಹುದು, ಮುಗಿಸಬಾರದು. ಕತ್ತಿಯನ್ನು ತಡೆದು ಕಥೆಯನ್ನು ಕೇಳಿದ ಮಾರಿದತ್ತನ ಚಿತ್ರದಲ್ಲಿ ಜನ್ನನು ಈ ವಿವೇಕವನ್ನು ಉಪದೇಶದ ಗೊಡವೆಯಿಲ್ಲದೆ ಕಾಣಿಸಿರುವನು.